ಬಿಮ್ ಮಾಡೆಲ್‌ಗೆ ಶೆಡ್ಯೂಲ್ ಕಟ್ಟುವುದು ಹೇಗೆ: ಮೊದಲು ಕೋಡ್, ವೀಡಿಯೊ ಕೊನೆಗೆ

ಕಳೆದ ಒಂದು ವರ್ಷದಲ್ಲಿ ತುಮಕೂರು, ಶಿರಾ, ಕುಣಿಗಲ್ ಕಡೆಯ ಐದಾರು ಸೈಟ್ ಎಂಜಿನಿಯರ್‌ಗಳು ಲ್ಯಾಪ್‌ಟಾಪ್ ಹಿಡಿದುಕೊಂಡು ಬಂದು ಒಂದೇ ಗೋಳು ತೋಡಿಕೊಂಡರು. ಬಿಮ್ ಮಾಡೆಲ್ (ಕಟ್ಟಡದ ಪ್ರತಿ ಭಾಗದ ವಿವರವಿರುವ ಮೂರು ಆಯಾಮದ ಕಂಪ್ಯೂಟರ್ ಮಾದರಿ) ಇದೆ, ಶೆಡ್ಯೂಲ್ (ಯಾವ ಕೆಲಸ ಯಾವ ತಾರೀಖಿಗೆ ಎಂಬ ಪಟ್ಟಿ) ಇದೆ, ಎರಡನ್ನೂ ಜೋಡಿಸಿ ಕಟ್ಟಡ ಮೇಲೇಳುವ ವೀಡಿಯೊ ಮಾಡಿದ್ದಾರೆ. ಮಾಲೀಕರಿಂದ ಶಹಬ್ಬಾಸ್‌ಗಿರಿಯೂ ಸಿಕ್ಕಿದೆ. ಮೂರನೇ ವಾರದ ಹೊತ್ತಿಗೆ ಸೈಟ್ ಒಂದು ದಾರಿ, ಮಾಡೆಲ್ ಒಂದು ದಾರಿ. ಆಮೇಲೆ ಆ ಫೈಲನ್ನು ಯಾರೂ ತೆರೆದಿಲ್ಲ.

ಎಲ್ಲರೂ ಎಡವಿದ್ದು ಒಂದೇ ಕಡೆ. ಸೈಟಲ್ಲಿ ಕಾಂಕ್ರೀಟ್ ಬೀಳುವ ತುಂಡು ಬೇರೆ, ಮಾಡೆಲ್‌ನಲ್ಲಿರುವ ತುಂಡು ಬೇರೆ, ಶೆಡ್ಯೂಲ್‌ನ ಸಾಲು ಬೇರೆ. ಈ ಮೂರಕ್ಕೂ ಒಂದೇ ಹೆಸರು, ಅಂದರೆ ಒಂದೇ ಕೋಡ್, ಬೀಳುವ ತನಕ ಯಾವ ಸಾಫ್ಟ್‌ವೇರೂ ಕೈ ಹಿಡಿಯುವುದಿಲ್ಲ. ಹಾಗಾಗಿ ಕೆಳಗಿನ ಹಂತಗಳನ್ನು ಇದೇ ಕ್ರಮದಲ್ಲಿ ಮಾಡಿ. ಉದಾಹರಣೆಗೆ ನಾನು ತೆಗೆದುಕೊಂಡಿರುವುದು ತುಮಕೂರಿನ ಹೊರಗೆ ನಾವೇ ಕಟ್ಟಿದ ಒಂದು ಹಾಸ್ಟೆಲ್: ನೆಲಮಹಡಿ, ಅದರ ಮೇಲೆ ಮೂರು ಮಹಡಿ. ತಪ್ಪುಗಳೂ ಹೆಚ್ಚುಕಡಿಮೆ ಅಲ್ಲಿನವೇ.

## ಕೈಯಲ್ಲಿ ಏನಿರಬೇಕು

ಮಾಡೆಲ್‌ಗೆ ರೆವಿಟ್. ಅಷ್ಟು ದುಡ್ಡು ಹಾಕಲಾಗದಿದ್ದರೆ ಬ್ಲೆಂಡರ್ ಒಳಗೆ ಹಾಕಿಕೊಳ್ಳುವ ಬೊನ್ಸಾಯ್. ಅದು ಉಚಿತ, ಐಎಫ್‌ಸಿ (ಬೇರೆ ಬೇರೆ ಬಿಮ್ ಸಾಫ್ಟ್‌ವೇರ್‌ಗಳು ಓದಬಲ್ಲ ಮುಕ್ತ ರೂಪ) ಫೈಲಿನಲ್ಲೇ ನೇರವಾಗಿ ಕೆಲಸ ಮಾಡುತ್ತದೆ. ಶೆಡ್ಯೂಲ್‌ಗೆ ಪ್ರೈಮಾವೆರಾ ಅಥವಾ ಎಂಎಸ್ ಪ್ರಾಜೆಕ್ಟ್, ಇಲ್ಲವೇ ಉಚಿತವಾಗಿ ಸಿಗುವ ಪ್ರಾಜೆಕ್ಟ್‌ಲಿಬ್ರೆ. ಎರಡನ್ನೂ ಜೋಡಿಸಲು ನಾವಿಸ್‌ವರ್ಕ್ಸ್. ಇಲ್ಲೊಂದು ಎಚ್ಚರಿಕೆ: ನಾವಿಸ್‌ವರ್ಕ್ಸ್ ಫ್ರೀಡಂ ಎಂಬ ಉಚಿತ ಆವೃತ್ತಿ ಬರೀ ನೋಡುವುದಕ್ಕೆ. ಶೆಡ್ಯೂಲ್ ಜೋಡಿಸುವ ಟೈಮ್‌ಲೈನರ್ ಬೇಕೆಂದರೆ ಸಿಮ್ಯುಲೇಟ್ ಅಥವಾ ಮ್ಯಾನೇಜ್ ಆವೃತ್ತಿಯೇ ಬೇಕು.

ಸಾಫ್ಟ್‌ವೇರ್‌ಗಿಂತ ಕಷ್ಟಪಟ್ಟು ಹೊಂದಿಸಬೇಕಾದ್ದು ಜನರನ್ನು. ಕೋಡ್‌ಗೆ ಒಬ್ಬರೇ ಯಜಮಾನರು ಇರಲಿ, ಇಬ್ಬರು ಬೇಡ. ಸೆಂಟ್ರಿಂಗ್ (ಹಸಿ ಕಾಂಕ್ರೀಟನ್ನು ಹಿಡಿದು ನಿಲ್ಲಿಸುವ ಹಲಗೆ, ಕೋಲುಗಳ ಕೆಲಸ) ಮೇಸ್ತ್ರಿಯಿಂದ ವಾರಕ್ಕೆ ಅರ್ಧ ಗಂಟೆ ಸಿಗಬೇಕು. ಅವರ ಎದುರು ಮಾತ್ರ ‘ಬಿಮ್’ ಅನ್ನಬೇಡಿ. ‘ಯಾವ ಬೀಮು ಸಾರ್?’ ಅಂತ ತಿರುಗಿ ಕೇಳುತ್ತಾರೆ. ‘ಮಾಡೆಲ್’ ಅಂದರೆ ಸಾಕು.

## ಹಂತ 1: ಗೆರೆ ಎಳೆಯುವ ಮೊದಲೇ ಕೋಡ್ ಕಟ್ಟಿ

ಕಟ್ಟಡದ ಪ್ರತಿ ತುಂಡಿಗೂ ಒಂದು ಕೋಡ್. ನಮ್ಮದು ‘ಎ-02-ಪಿ1-ಎಸ್’ ಎಂಬ ಥರದ್ದು: ಬ್ಲಾಕ್ ಎ, ಎರಡನೇ ಮಹಡಿ, ಮೊದಲ ಪೋರ್ (ಒಂದೇ ಸಲಕ್ಕೆ ಕಾಂಕ್ರೀಟ್ ಸುರಿಯುವ ಭಾಗ), ಸ್ಲ್ಯಾಬ್. ಕಾಲಂಗೆ ಸಿ, ಗೋಡೆಗೆ ಡಬ್ಲ್ಯೂ. ಇದಕ್ಕಿಂತ ಉದ್ದ ಮಾಡಬೇಡಿ. ಫೋನಲ್ಲಿ ಬಾಯಿಬಿಟ್ಟು ಹೇಳುವಂತಿರಬೇಕು.

ಮಹಡಿಗೆ ಎರಡಂಕಿ ಇಡಿ. ಬರೀ 2 ಎಂದು ಬರೆದರೆ ಪಟ್ಟಿಯನ್ನು ಜೋಡಿಸುವಾಗ 10ನೇ ಮಹಡಿ 2ನೇ ಮಹಡಿಗಿಂತ ಮುಂದೆ ಬಂದು ಕೂರುತ್ತದೆ. ಕೋಡ್ ಶುರುವಾಗುವುದು ಅಕ್ಷರದಿಂದಲೇ ಇರಲಿ. ನಾವು ಮೊದಲು ‘02-03’ ಎಂದು ಬರೆದಿದ್ದೆವು; ಎಕ್ಸೆಲ್ ಅದನ್ನು ತಾರೀಖು ಅಂದುಕೊಂಡು ನೂರಾರು ಸಾಲುಗಳನ್ನು ಫೆಬ್ರವರಿ, ಮಾರ್ಚ್ ಮಾಡಿ ಕೂರಿಸಿತು. ಸರಿಪಡಿಸಲು ಒಂದು ಭಾನುವಾರ ಹೋಯಿತು.

ಕೋಡ್ ಪಟ್ಟಿಯನ್ನು ಪ್ರಿಂಟ್ ಹಾಕಿ ಸೈಟ್ ಆಫೀಸಿನ ಗೋಡೆಗೆ ಅಂಟಿಸಿ. ಕಾಂಕ್ರೀಟ್ ಚಲನ್, ಕಾಂಕ್ರೀಟಿನ ಬಲ ಪರೀಕ್ಷಿಸುವ ಕ್ಯೂಬ್ ಮೇಲಿನ ಗುರುತು, ಕಂಬಿ ಕಟ್ಟಿನ ಚೀಟಿ, ಚೆಕ್‌ಲಿಸ್ಟ್, ಎಲ್ಲದರ ಮೇಲೂ ಇದೇ ಕೋಡ್ ಬರಬೇಕು. ಕೋಡ್ ಬರೀ ಕಂಪ್ಯೂಟರಿನಲ್ಲಿದ್ದರೆ ಹಂತ 7ಕ್ಕೆ ಬರುವಷ್ಟರಲ್ಲಿ ಸತ್ತಿರುತ್ತದೆ.

## ಹಂತ 2: ಕಾಂಕ್ರೀಟ್ ಎಲ್ಲಿ ನಿಲ್ಲುತ್ತದೋ ಮಾಡೆಲನ್ನೂ ಅಲ್ಲೇ ಕತ್ತರಿಸಿ

ಆರ್ಕಿಟೆಕ್ಟ್ ಆಫೀಸಿನಿಂದ ಬರುವ ಮಾಡೆಲ್‌ನಲ್ಲಿ ಕಾಲಂ ಪಾಯದಿಂದ ಟೆರೇಸ್‌ವರೆಗೆ ಒಂದೇ ಕೋಲು. ಸ್ಲ್ಯಾಬ್ ಮಹಡಿಗೊಂದೇ ಹಾಳೆ. ಡ್ರಾಯಿಂಗ್‌ಗೆ ಅದು ಸಾಕು, ಶೆಡ್ಯೂಲ್‌ಗೆ ಸಾಲದು. ಕಾಲಂಗಳನ್ನು ಮಹಡಿಗೊಂದರಂತೆ, ಬೀಮಿನ ತಳಕ್ಕೆ ಕತ್ತರಿಸಿ. ಸ್ಲ್ಯಾಬ್‌ಗಳನ್ನು ಪೋರ್ ಲೆಕ್ಕದಲ್ಲಿ ಒಡೆಯಿರಿ. ರೆವಿಟ್‌ನಲ್ಲಿ ‘ಕ್ರಿಯೇಟ್ ಪಾರ್ಟ್ಸ್’ ಮಾಡಿ ‘ಡಿವೈಡ್’ ಕೊಟ್ಟರೆ ಮೂಲ ಡ್ರಾಯಿಂಗ್ ಕೆಡುವುದಿಲ್ಲ. ಕೋಡ್ ತುಂಬಲು ಒಂದು ಶೇರ್ಡ್ ಪ್ಯಾರಾಮೀಟರ್ (ತುಂಡಿನ ಮಾಹಿತಿ ತುಂಬುವ ಖಾನೆ) ಮಾಡಿಕೊಳ್ಳಿ.

ಒಂದು ಪೋರ್ ಎಷ್ಟು ದೊಡ್ಡದಿರಬೇಕು? ಅದನ್ನು ತೀರ್ಮಾನಿಸುವುದು ಸೈಟು. ನಮ್ಮ ಹಾಸ್ಟೆಲ್ಲಿನ ಒಂದು ಮಹಡಿ 640 ಚದರ ಮೀಟರ್. 150 ಮಿ.ಮೀ. ದಪ್ಪಕ್ಕೆ ಸ್ಲ್ಯಾಬ್ 96 ಘನ ಮೀಟರ್, ಬೀಮ್‌ಗಳು ಸುಮಾರು 40, ಒಟ್ಟು 136. ಲೋಡಿಗೆ 6 ಘನ ಮೀಟರ್ ಹಿಡಿದರೆ 23 ಲೋಡ್. ಗಂಟೆಗೆ ನಾಲ್ಕು ಲೋಡ್ ಖಾಲಿಯಾದರೂ ಆರು ಗಂಟೆ ಬೇಕು, ಮಧ್ಯೆ ಪಂಪ್ ಕೈಕೊಟ್ಟರೆ ರಾತ್ರಿಯೇ. ರೆಡಿಮಿಕ್ಸ್ ಕಾಂಕ್ರೀಟನ್ನು ಲೋಡ್ ಆದ 2 ಗಂಟೆಯೊಳಗೆ ಸುರಿಯಬೇಕು ಎನ್ನುತ್ತದೆ ಭಾರತೀಯ ಮಾನದಂಡ ಐಎಸ್ 4926, ರಿಟಾರ್ಡರ್ (ಗಟ್ಟಿಯಾಗುವುದನ್ನು ತಡಮಾಡುವ ರಾಸಾಯನಿಕ) ಹಾಕಿದ್ದರೆ ಮಾತ್ರ ಅದಕ್ಕಿಂತ ಹೆಚ್ಚು. ಹಾಗಾಗಿ ಎರಡು ಪೋರ್ ಮಾಡಿದೆವು. ಜಾಯಿಂಟ್ ಯಾವ ಗೆರೆಯಲ್ಲಿ ಬರಬೇಕು ಎಂಬುದನ್ನು ಸ್ಟ್ರಕ್ಚರಲ್ ಎಂಜಿನಿಯರ್ ಬರೆದು ಕೊಡಬೇಕು. ಮೇಸ್ತ್ರಿ ಅನುಕೂಲಕ್ಕೆ ಅದನ್ನು ಆಚೀಚೆ ಸರಿಸುವಂತಿಲ್ಲ.

ಮೊದಲ ಮಹಡಿಯಲ್ಲಿ ನಾನು ಈ ಹಂತ ಹಾರಿಸಿದ್ದೆ. ಶೆಡ್ಯೂಲ್‌ನಲ್ಲಿ ಪಿ1, ಪಿ2 ಎಂದು ಎರಡು ಸಾಲು, ಮಾಡೆಲ್‌ನಲ್ಲಿ ಒಂದೇ ಸ್ಲ್ಯಾಬ್. ಎರಡು ಸಾಲನ್ನೂ ಅದೇ ಸ್ಲ್ಯಾಬಿಗೆ ಕಟ್ಟಿದೆ. ಪಿ1 ಮುಗಿಯುವ ದಿನಕ್ಕೆ ಚಿತ್ರದಲ್ಲಿ ಇಡೀ ಮಹಡಿ ಮೋಲ್ಡ್ ಆದಂತೆ ಕಂಡಿತು. ಅದರ ಪ್ರಿಂಟ್ ನೋಡಿದ ಗೋಡೆ ಗುತ್ತಿಗೆದಾರರು ಎರಡು ಲಾರಿ ಸಾಲಿಡ್ ಬ್ಲಾಕ್ ತರಿಸಿ ಇಳಿಸಿಬಿಟ್ಟರು. ಇಳಿಸಿದ್ದು ಪಿ2 ದಿನ ಪಂಪ್ ನಿಲ್ಲಬೇಕಿದ್ದ ಜಾಗದಲ್ಲಿ. ಆ ಬ್ಲಾಕ್‌ಗಳನ್ನು ಇಪ್ಪತ್ತು ಅಡಿ ಆಚೆ ಹೊರಲು ಎಂಟು ಆಳಿಗೆ ಒಂದು ದಿನದ ಕೂಲಿ. ಅವರದ್ದೇನೂ ತಪ್ಪಿಲ್ಲ, ಚಿತ್ರ ಹೇಳಿದ್ದನ್ನು ನಂಬಿದರು.

ಇನ್ನು ವಿವರ ಎಷ್ಟಿರಬೇಕು ಎಂಬ ಪ್ರಶ್ನೆ. ಎಲ್‌ಒಡಿ (ಮಾಡೆಲ್‌ನ ವಿವರದ ಮಟ್ಟ) 300 ಸಾಕು. ಟಾಯ್ಲೆಟ್ ಶಾಫ್ಟ್, ಲಿಫ್ಟ್ ಗುಂಡಿ, ಓವರ್‌ಹೆಡ್ ಟ್ಯಾಂಕ್ ಹತ್ತಿರ ಮಾತ್ರ 350ಕ್ಕೆ ಹೋಗಿ. ಕಂಬಿಯನ್ನೆಲ್ಲ ಮಾಡೆಲ್ ಮಾಡಲು ಕೂತರೆ ಕಟ್ಟಡವೇ ಮೊದಲು ಮುಗಿಯುತ್ತದೆ.

## ಹಂತ 3: ಎಲ್ಲರ ಮಾಡೆಲೂ ಒಂದೇ ಮೂಲೆಗೆ ಕೂರಲಿ

ಆರ್ಕಿಟೆಕ್ಟ್, ಸ್ಟ್ರಕ್ಚರ್, ಪ್ಲಂಬಿಂಗ್, ಎಲೆಕ್ಟ್ರಿಕಲ್ ಮಾಡೆಲ್‌ಗಳಿಗೆ ಒಂದೇ ಗ್ರಿಡ್, ಒಂದೇ ಲೆವೆಲ್, ಒಂದೇ ಮೂಲಬಿಂದು. ಪರೀಕ್ಷೆ ಸುಲಭ: ಗ್ರಿಡ್ ಎ-1ರಲ್ಲಿ ನಾಲ್ಕು ಫೈಲಲ್ಲೂ ಒಂದು ಚಿಕ್ಕ ಡಬ್ಬಿ ಇಡಿ. ಜೋಡಿಸಿದಾಗ ನಾಲ್ಕೂ ಒಂದೇ ಡಬ್ಬಿಯಾಗಿ ಕಂಡರೆ ಸರಿ.

ಆಮೇಲೆ ಕ್ಲ್ಯಾಶ್, ಅಂದರೆ ಒಂದು ತುಂಡು ಇನ್ನೊಂದಕ್ಕೆ ತಾಗುವ ಜಾಗಗಳನ್ನು ನೋಡಿ. ಮೊದಲ ಸಲ ಸಾವಿರಗಟ್ಟಲೆ ಬರುತ್ತವೆ, ಗಾಬರಿ ಬೇಡ. ಬೀಮಿಗೆ ಸ್ಯಾನಿಟರಿ ಪೈಪ್ ತಾಗುವುದು, ಸ್ಲ್ಯಾಬಿಗೆ ಶಾಫ್ಟ್ ತಾಗುವುದು, ಇವೆರಡನ್ನೇ ಮೊದಲು ಮುಗಿಸಿ. ಈ ಕೆಲಸ ಸೆಂಟ್ರಿಂಗ್ ಹೊಡೆಯುವ ಮೊದಲು ಆಗಬೇಕು. ಸ್ಲೀವ್ (ಪೈಪ್ ಹಾಯಲು ಮೊದಲೇ ಇಡುವ ಕೊಳವೆ) ಇಡದೆ ಮೋಲ್ಡ್ ಹಾಕಿ, ಆಮೇಲೆ ಬೀಮನ್ನು ಕೊರೆಯುವ ದೃಶ್ಯವನ್ನು ನೀವೂ ನೋಡಿರುತ್ತೀರಿ.

## ಹಂತ 4: ಶೆಡ್ಯೂಲ್ ಬರೆಯಿರಿ, ಪ್ರಾಪ್ಸ್ ಮರೆಯದೆ

ಅತಿ ಹೆಚ್ಚು ಜನ ಸೋಲುವುದು ಇಲ್ಲಿ, ಹಾಗಾಗಿ ಸ್ವಲ್ಪ ನಿಧಾನವಾಗಿ ಹೇಳುತ್ತೇನೆ.

ಸ್ಲ್ಯಾಬ್ ಮೋಲ್ಡ್ ಆಯಿತು. ಕೆಳಗಿನ ಮಹಡಿಯಲ್ಲಿ ಗೋಡೆ ಕೆಲಸ ಹತ್ತನೇ ದಿನ ಶುರು ಎಂದು ಶೆಡ್ಯೂಲ್ ಹೇಳುತ್ತದೆ. ಮಾಡೆಲ್‌ನಲ್ಲಿ ಆ ಮಹಡಿ ಖಾಲಿ ಹಾಲ್‌ನಂತೆ ಕಾಣುತ್ತದೆ. ಸೈಟಲ್ಲಿ ಹೋಗಿ ನೋಡಿದರೆ ಅಡಿಕೆ ತೋಟದಂತೆ ಪ್ರಾಪ್ಸ್, ಅಂದರೆ ಮೇಲಿನ ಸ್ಲ್ಯಾಬನ್ನು ಹೊತ್ತ ಆಧಾರದ ಕೋಲುಗಳು, ನಿಂತಿರುತ್ತವೆ. ಕೈಗಾಡಿ ನುಗ್ಗುವಷ್ಟೂ ಜಾಗವಿಲ್ಲ. ಗೋಡೆ ಗಾರೆಯವರು ಬಂದು, ನೋಡಿ, ಬೇರೆ ಸೈಟಿಗೆ ಹೋಗುತ್ತಾರೆ. ಒಮ್ಮೆ ಹೋದರೆ ಹದಿನೈದು ದಿನ ಕೈಗೆ ಸಿಗುವುದಿಲ್ಲ.

ಐಎಸ್ 456:2000 ಏನು ಹೇಳುತ್ತದೆ ನೋಡಿ. ಸಾಮಾನ್ಯ ಪೋರ್ಟ್‌ಲ್ಯಾಂಡ್ ಸಿಮೆಂಟ್, ವಾತಾವರಣ 15 ಡಿಗ್ರಿಗಿಂತ ಕೆಳಗಿಳಿಯದಿದ್ದರೆ, ಕಾಲಂ ಮತ್ತು ಗೋಡೆಯ ಪಕ್ಕದ ಹಲಗೆ 16ರಿಂದ 24 ಗಂಟೆಗೆ ಬಿಚ್ಚಬಹುದು. ಸ್ಲ್ಯಾಬಿನ ಪ್ರಾಪ್ಸ್, ಸ್ಪ್ಯಾನ್ (ಎರಡು ಆಧಾರಗಳ ನಡುವಿನ ಅಂತರ) 4.5 ಮೀಟರ್ ಒಳಗಿದ್ದರೆ 7 ದಿನ, ಮೀರಿದರೆ 14. ಬೀಮಿನ ಪ್ರಾಪ್ಸ್, 6 ಮೀಟರ್ ಒಳಗೆ 14 ದಿನ, ಮೀರಿದರೆ 21. ನಮ್ಮ ಕಡೆ ಅಂಗಡಿಗಳಲ್ಲಿ ಹೆಚ್ಚಾಗಿ ಸಿಗುವುದು ಪಿಪಿಸಿ, ಅಂದರೆ ಹಾರುಬೂದಿಯಂಥದ್ದು ಬೆರೆಸಿದ ಸಿಮೆಂಟ್. ಅದಕ್ಕೆ ಎಷ್ಟು ದಿನ ಎಂಬುದನ್ನು ಸ್ಟ್ರಕ್ಚರಲ್ ಎಂಜಿನಿಯರ್ ಹತ್ತಿರ ಬರೆಸಿಕೊಳ್ಳಿ. ಹಾಸ್ಟೆಲ್ಲಿನ ಊಟದ ಹಾಲ್‌ನಲ್ಲಿ ಬೀಮ್ 7.2 ಮೀಟರ್ ಇತ್ತು. ಅಂದರೆ ಅಲ್ಲಿ ಕನಿಷ್ಠ 21 ದಿನ ಗೋಡೆ ಇಲ್ಲ, ಪ್ಲಾಸ್ಟರ್ ಇಲ್ಲ. ‘ಹತ್ತನೇ ದಿನ’ ಎಂಬುದು ಯಾರೋ ಹಳೇ ಫೈಲಿನಿಂದ ಎತ್ತಿ ಅಂಟಿಸಿದ್ದು.

ಆದ್ದರಿಂದ ಪ್ರಾಪ್ಸ್ ಕೂಡ ಮಾಡೆಲ್‌ಗೆ ಬರಬೇಕು. ಒಂದೊಂದು ಕೋಲೂ ಬೇಡ, ಪ್ರತಿ ಪೋರ್‌ನ ಕೆಳಗೆ ಒಂದು ಪೆಟ್ಟಿಗೆ ಆಕಾರ ಎಳೆದು ‘ಎ-02-ಪಿ1-ಪ್ರಾಪ್’ ಎಂದು ಕೋಡ್ ಕೊಡಿ. ಆ ಪೆಟ್ಟಿಗೆ ಇರುವ ತನಕ ಆ ಜಾಗಕ್ಕೆ ಬೇರೆಯವರು ಕಾಲಿಡುವಂತಿಲ್ಲ.

ಮುಂದಿನ ಪ್ರಶ್ನೆ: ಸೆಂಟ್ರಿಂಗ್ ಸಾಮಾನು ಎಷ್ಟು ಪೋರ್‌ಗೆ ಇದೆ? ಎರಡೇ ಪೋರ್‌ಗೆ ಇದ್ದರೆ, ಮೊದಲ ಮಹಡಿ ಪಿ1 ಸಾಮಾನು ಬಿಚ್ಚುವ ತನಕ ಎರಡನೇ ಮಹಡಿ ಪಿ1 ಶುರುವಾಗದು. ಈ ಕೊಂಡಿಯನ್ನು ಶೆಡ್ಯೂಲ್‌ನಲ್ಲಿ ಕೈಯಾರೆ ಹಾಕಬೇಕು, ಸಾಫ್ಟ್‌ವೇರ್‌ಗೆ ತಾನಾಗಿ ಗೊತ್ತಾಗುವುದಿಲ್ಲ. ಮೇಲಿನ ಮಹಡಿ ಮೋಲ್ಡ್ ಹಾಕುವಾಗ ಅದರ ಭಾರ ಕೆಳಗಿನ ಹಸಿ ಸ್ಲ್ಯಾಬಿನ ಮೇಲೆ ಬೀಳುತ್ತದೆ. ಅಲ್ಲಿ ಎಷ್ಟು ಪ್ರಾಪ್ಸ್ ಉಳಿಸಬೇಕು ಎಂಬುದನ್ನೂ ಕೇಳಿ ಬರೆದುಕೊಳ್ಳಿ.

ಕ್ಯಾಲೆಂಡರ್ ನಮ್ಮೂರಿನದಾಗಿರಲಿ. ಸಾಫ್ಟ್‌ವೇರ್ ಕೊಡುವ ಐದು ದಿನದ ವಾರ ಇಲ್ಲಿ ನಡೆಯದು. ಶನಿವಾರ ಬಟವಾಡೆ, ಭಾನುವಾರ ರಜೆ, ಸೋಮವಾರ ಅರ್ಧ ಜನ. ಯುಗಾದಿಗೆ ರಾಯಚೂರು, ಕಲಬುರಗಿ ಕಡೆಯವರು ಊರಿಗೆ ಹೋದರೆ ವಾರಕ್ಕೆ ಮೊದಲು ಬರುವುದಿಲ್ಲ. ದೀಪಾವಳಿ ಮುಗಿದು ಛಠ್ ಹಬ್ಬಕ್ಕೆ ಬಿಹಾರದ ಹುಡುಗರು ಹೊರಡುತ್ತಾರೆ. ಅಮಾವಾಸ್ಯೆ ದಿನ ಮೋಲ್ಡ್ ಬೇಡ ಎನ್ನುವ ಮಾಲೀಕರ ಜೊತೆ ವಾದ ಮಾಡಬೇಡಿ, ಆ ದಿನವನ್ನು ಮೊದಲೇ ರಜೆ ಎಂದು ಗುರುತು ಹಾಕಿ. ತುಮಕೂರಿಗೆ ಜೋರು ಮಳೆ ಸೆಪ್ಟೆಂಬರ್, ಅಕ್ಟೋಬರ್‌ನಲ್ಲಿ. ಪಾಯ ಅಗೆಯುವುದನ್ನು ಆ ಎರಡು ತಿಂಗಳಿಗೆ ತಂದಿಟ್ಟುಕೊಂಡವರು ಗುಂಡಿಯಿಂದ ನೀರು ಎತ್ತುತ್ತ ಕೂರಬೇಕಾಗುತ್ತದೆ.

## ಹಂತ 5: ಈಗ ಜೋಡಿಸಿ

ಕೋಡ್ ಸರಿಯಿದ್ದರೆ ಇದು ಹತ್ತು ನಿಮಿಷದ ಕೆಲಸ. ಶೆಡ್ಯೂಲ್‌ನಲ್ಲಿ ಕೋಡ್‌ಗೆಂದೇ ಒಂದು ಅಂಕಣ ಇರಲಿ. ಟೈಮ್‌ಲೈನರ್‌ಗೆ ತರುವಾಗ ಅದನ್ನು ಹೊಂದಿಸಿ, ‘ಆಟೋ ಅಟ್ಯಾಚ್ ಯೂಸಿಂಗ್ ರೂಲ್ಸ್’ ಮೂಲಕ ಮಾಡೆಲ್‌ನ ಪ್ಯಾರಾಮೀಟರ್‌ಗೆ ಕಟ್ಟಿ. ಒಂದೊಂದನ್ನೇ ಕೈಯಿಂದ ಎಳೆದು ಜೋಡಿಸಬೇಡಿ, ಮುಂದಿನ ಬದಲಾವಣೆಗೆ ಎಲ್ಲವೂ ಕಳಚುತ್ತವೆ.

ಸ್ಲ್ಯಾಬ್, ಕಾಲಂಗಳಿಗೆ ‘ಕನ್‌ಸ್ಟ್ರಕ್ಟ್’ ಎಂಬ ಬಗೆ ಕೊಡಿ. ಪ್ರಾಪ್ಸ್ ಪೆಟ್ಟಿಗೆಗೆ ‘ಟೆಂಪರರಿ’. ಅದು ಇರುವಷ್ಟು ದಿನ ಹಳದಿಯಾಗಿ ಕಂಡು, ತಾರೀಖು ಮುಗಿದೊಡನೆ ಮಾಯವಾಗುತ್ತದೆ. ಮಹಡಿಯಲ್ಲಿ ಹಳದಿ ಇರುವಾಗಲೇ ಗೋಡೆಗಳು ಹಸಿರಾಗಿ ಏಳುತ್ತಿದ್ದರೆ ನಿಮ್ಮ ಶೆಡ್ಯೂಲ್ ಸುಳ್ಳು.

ಆಮೇಲೆ ‘ಫೈಂಡ್ ಐಟಂಸ್’ನಲ್ಲಿ ಎರಡನ್ನು ನೋಡಿ. ಯಾವ ಸಾಲಿಗೂ ಅಂಟದ ತುಂಡುಗಳು ಯಾವುವು, ಎರಡೆರಡು ಸಾಲಿಗೆ ಅಂಟಿದ ತುಂಡುಗಳು ಯಾವುವು. ಎರಡೂ ಪಟ್ಟಿ ಖಾಲಿಯಾಗುವ ತನಕ ವೀಡಿಯೊ ಬಟನ್ ಒತ್ತಬೇಡಿ.

## ಹಂತ 6: ಮೇಸ್ತ್ರಿಗೆ ತೋರಿಸಿ, ಮಾಲೀಕರಿಗೆ ಆಮೇಲೆ

ಇಡೀ ಕಟ್ಟಡದ ವೀಡಿಯೊ ಮೇಸ್ತ್ರಿಗೆ ಬೇಡ. ಮುಂದಿನ ಮೂರು ವಾರ ಮಾತ್ರ ತೋರಿಸಿ. ಪ್ರತಿ ಶನಿವಾರ, ಬಟವಾಡೆಗೆ ಮುಂಚೆ, ಅಂದಿನಿಂದ ಒಂದು ವಾರ, ಎರಡು ವಾರ, ಮೂರು ವಾರಕ್ಕೆ ಕಟ್ಟಡ ಹೇಗಿರುತ್ತದೆ ಎಂಬ ಮೂರು ಚಿತ್ರ ಎ3 ಹಾಳೆಯಲ್ಲಿ ಪ್ರಿಂಟ್ ಹಾಕಿ ಅವರ ಮುಂದಿಡಿ. ಪೆನ್ನು ಅವರ ಕೈಗೆ ಕೊಡಿ. ನಮ್ಮ ಸೈಟಿನ ಮೇಸ್ತ್ರಿ ಮೊದಲ ದಿನವೇ ಮೆಟ್ಟಿಲ ಮೇಲೆ ಬೆರಳಿಟ್ಟು, ‘ಇದನ್ನ ಸ್ಲ್ಯಾಬ್ ಜೊತೆಗೇ ಹಾಕಾಣ ಸಾರ್, ಇಲ್ಲಾಂದ್ರೆ ಕಬ್ಬಿಣ ಹೊತ್ಕಂಡು ಎಲ್ಲಿಂದ ಹತ್ತಾದು?’ ಅಂದರು. ನನ್ನ ಶೆಡ್ಯೂಲ್‌ನಲ್ಲಿ ಮೆಟ್ಟಿಲು ಎಂಟು ದಿನ ತಡವಾಗಿತ್ತು.

## ಹಂತ 7: ದಿನಾ ಸಂಜೆ ನಿಜವಾದ ತಾರೀಖು ತುಂಬಿ

ಮೊದಲು ಬೇಸ್‌ಲೈನ್ (ಶುರುವಿನಲ್ಲಿ ಅಂದುಕೊಂಡ ಶೆಡ್ಯೂಲ್) ಉಳಿಸಿ ಬೀಗ ಹಾಕಿ. ಅಂದುಕೊಂಡ ತಾರೀಖನ್ನು ಅಳಿಸಿ ಅದರ ಮೇಲೇ ಆದ ತಾರೀಖು ಬರೆದರೆ ತಡ ಎಷ್ಟು, ಯಾರಿಂದ ಎಂಬುದೇ ತಿಳಿಯದು.

‘ಶೇ. 80 ಆಗಿದೆ’ ಎಂಬ ಮಾತನ್ನು ಸೈಟಲ್ಲಿ ನಿಲ್ಲಿಸಿ. ಆ ಶೇ. 80 ಮೂರು ವಾರ ಹಾಗೇ ಇರುತ್ತದೆ. ಬದಲಿಗೆ ಐದು ಮೆಟ್ಟಿಲು: ಸೆಂಟ್ರಿಂಗ್ ಮುಗಿಯಿತು, ಕಂಬಿ ಕಟ್ಟಿತು, ಚೆಕಿಂಗ್ ಆಯಿತು, ಮೋಲ್ಡ್ ಬಿತ್ತು, ಪ್ರಾಪ್ಸ್ ಬಿಚ್ಚಿತು. ಆಯಿತು ಅಥವಾ ಆಗಿಲ್ಲ, ಅಷ್ಟೆ. ಸೈಟ್ ಎಂಜಿನಿಯರ್ ಸಂಜೆ ಆರಕ್ಕೆ ಮೊಬೈಲಿನ ಶೀಟಿನಲ್ಲಿ ಕೋಡ್ ಎದುರು ತಾರೀಖು ಹಾಕುತ್ತಾರೆ, ಪ್ಲಾನಿಂಗ್‌ನವರು ಶನಿವಾರ ಅದನ್ನು ಮಾಡೆಲ್‌ಗೆ ಎಳೆದುಕೊಳ್ಳುತ್ತಾರೆ. ಪ್ರತಿದಿನ ಮಾಡೆಲ್ ಅಪ್‌ಡೇಟ್ ಮಾಡುತ್ತೇನೆ ಎಂದು ಶಪಥ ಮಾಡಿದವರು ಎರಡನೇ ವಾರಕ್ಕೆ ಬಿಡುತ್ತಾರೆ.

## ಹಂತ 8: ಗೊತ್ತಿದ್ದದ್ದನ್ನು ತುಂಡಿಗೇ ಕಟ್ಟಿಡಿ

ಸೈಟಿನ ತಿಳಿವಳಿಕೆಯೆಲ್ಲ ಇರುವುದು ವಾಟ್ಸ್ಯಾಪ್ ಗುಂಪಿನಲ್ಲಿ, ಇಲ್ಲವೇ ಒಬ್ಬರ ತಲೆಯಲ್ಲಿ. ಅವರು ಕೆಲಸ ಬಿಟ್ಟರೆ ಎರಡೂ ಹೋದಂತೆ.

ಫೋಲ್ಡರ್‌ಗಳಿಂದ ಶುರು ಮಾಡಿ. 2018ರಲ್ಲಿ ಬಂದ ಐಎಸ್‌ಒ 19650 (ಬಿಮ್ ಮಾಹಿತಿ ನಿರ್ವಹಣೆಯ ಅಂತರರಾಷ್ಟ್ರೀಯ ಮಾನದಂಡ) ಹೇಳುವ ನಾಲ್ಕು ಸ್ಥಿತಿ ಸಾಕು: ನಡೆಯುತ್ತಿರುವುದು, ಹಂಚಿದ್ದು, ಅನುಮೋದನೆ ಆದದ್ದು, ಹಳೆಯದು. ದೊಡ್ಡ ಸಾಫ್ಟ್‌ವೇರ್ ಇಲ್ಲದಿದ್ದರೆ ಗೂಗಲ್ ಡ್ರೈವ್‌ನಲ್ಲೇ ಮಾಡಿ. ಸೈಟಿಗೆ ಹೋಗುವುದು ಮೂರನೇ ಫೋಲ್ಡರಿನ ಡ್ರಾಯಿಂಗ್ ಮಾತ್ರ. ‘ಫೈನಲ್’, ‘ಫೈನಲ್ 2’, ‘ಹೊಸ ಫೈನಲ್’ ಎಂಬ ಹೆಸರು ಕಂಡರೆ ಅಲ್ಲೇ ಅಳಿಸಿ, ಆರ್0, ಆರ್1, ಆರ್2 ಎಂದು ಹೆಸರಿಡಿ.

ಅನುಭವದ ಟಿಪ್ಪಣಿ ಮೂರೇ ಸಾಲು: ಏನಾಯಿತು, ಯಾಕಾಯಿತು, ಮುಂದಿನ ಸಲ ಏನು ಮಾಡಬೇಕು. ಎದುರಿಗೆ ಕೋಡ್. ನಮ್ಮದೊಂದು ಹೀಗಿದೆ: ‘ಎ-01-ಪಿ2-ಎಸ್. ಟಾಯ್ಲೆಟ್ ಸಂಕನ್ ಸ್ಲ್ಯಾಬಿನಲ್ಲಿ ನೀರು ಜಿನುಗಿತು. ಸ್ಲೀವ್ ಸುತ್ತ ವೈಬ್ರೇಟರ್ ಸೂಜಿ ಇಳಿಯಲಿಲ್ಲ, ಜೇನುಗೂಡು (ಕಾಂಕ್ರೀಟಿನಲ್ಲಿ ಟೊಳ್ಳು) ಬಿತ್ತು. ಮುಂದೆ ಅಲ್ಲಿ ಸಣ್ಣ ಸೂಜಿ, 12 ಮಿ.ಮೀ. ಜೆಲ್ಲಿ.’ ಎರಡನೇ ಮಹಡಿಯ ಅದೇ ಜಾಗಕ್ಕೆ ಬಂದಾಗ ಮಾಡೆಲ್‌ನಲ್ಲಿ ಸ್ಲ್ಯಾಬ್ ಒತ್ತಿದರೆ ಕೆಳಗಿನ ಮಹಡಿಯ ಟಿಪ್ಪಣಿಗೆ ಹೋಗುವ ಲಿಂಕ್ ಇರಬೇಕು. 7 ದಿನ, 28 ದಿನದ ಕ್ಯೂಬ್ ರಿಪೋರ್ಟ್, ಕಾಂಕ್ರೀಟ್ ಚಲನ್, ಕಂಬಿ ಚೆಕ್ ಮಾಡಿದ ಫೋಟೊ, ಎಲ್ಲದಕ್ಕೂ ಹೀಗೇ.

ಟಿಪ್ಪಣಿ ಕನ್ನಡದಲ್ಲೇ ಇರಲಿ, ಮೇಸ್ತ್ರಿಯೂ ಓದಬೇಕಲ್ಲ. ಆದರೆ ಯೂನಿಕೋಡ್‌ನಲ್ಲಿ ಟೈಪ್ ಮಾಡಿ. ಹಳೆಯ ನುಡಿ, ಬರಹ ಆಸ್ಕಿ ಫಾಂಟಿನಲ್ಲಿ ಹೊಡೆದದ್ದು ಮಾಡೆಲ್‌ಗೆ ಹೋದರೆ ಕಾಗೆ ಕಾಲು ಗುಬ್ಬಿ ಕಾಲು ಆಗುತ್ತದೆ, ಹುಡುಕಿದರೆ ಸಿಗುವುದೂ ಇಲ್ಲ.

ತಿಂಗಳಿಗೊಮ್ಮೆ ಐಎಫ್‌ಸಿ ರೂಪದಲ್ಲಿ ಒಂದು ಪ್ರತಿ ತೆಗೆದಿಡಿ. ರೆವಿಟ್‌ನ ಹೊಸ ಆವೃತ್ತಿಯಲ್ಲಿ ಉಳಿಸಿದ ಫೈಲ್ ಹಳೆಯ ಆವೃತ್ತಿಯಲ್ಲಿ ತೆರೆಯುವುದಿಲ್ಲ. ತಂಡದಲ್ಲಿ ಒಬ್ಬರು ಅಪ್ಪಿತಪ್ಪಿ ಅಪ್‌ಗ್ರೇಡ್ ಕೊಟ್ಟರೆ ಉಳಿದವರೆಲ್ಲ ಹೊರಗೆ.

## ಕೆಡುತ್ತಿದೆ ಎಂಬ ಸೂಚನೆಗಳು

ಕಾಂಕ್ರೀಟ್ ಚಲನ್ ಮೇಲೆ ಕೋಡ್ ಇಲ್ಲದೆ ‘2ನೇ ಮಹಡಿ ಹಿಂದಿನ ಭಾಗ’ ಎಂದು ಬರತೊಡಗಿದರೆ, ಅದೇ ಮೊದಲ ಎಚ್ಚರಿಕೆಯ ಗಂಟೆ. ಸೈಟಿನವರು ಶೆಡ್ಯೂಲ್ ಬಿಟ್ಟು ಬೇರೊಂದು ಎಕ್ಸೆಲ್ ಇಟ್ಟುಕೊಂಡಿದ್ದಾರೆ ಎಂದು ಗೊತ್ತಾದರೆ, ಬೈಯುವ ಮೊದಲು ಅದನ್ನು ತೆರೆದು ನೋಡಿ. ನಿಮ್ಮ ಶೆಡ್ಯೂಲ್‌ನಲ್ಲಿ ಇಲ್ಲದ ಏನೋ ಅಲ್ಲಿರುತ್ತದೆ. ಮೂರು ವಾರದಿಂದ ಒಂದೂ ಕೆಲಸ ತಡವಾಗಿಲ್ಲ ಎಂದು ಮಾಡೆಲ್ ತೋರಿಸುತ್ತಿದ್ದರೆ, ಯಾರೋ ಅಂದುಕೊಂಡ ತಾರೀಖನ್ನೇ ಆದ ತಾರೀಖಿನ ಜಾಗಕ್ಕೆ ನಕಲು ಮಾಡುತ್ತಿದ್ದಾರೆ.

## ಈಗಾಗಲೇ ಸಿಕ್ಕಿಬಿದ್ದಿದ್ದರೆ

ಕಟ್ಟಡ ಅರ್ಧ ಮೇಲೆದ್ದಿದೆ, ಮಾಡೆಲ್ ಎಂದೋ ಹಿಂದೆ ಬಿದ್ದಿದೆ. ಮುಗಿದ ಭಾಗವನ್ನು ಸರಿಪಡಿಸಲು ಹೋಗಬೇಡಿ. ಅದನ್ನೆಲ್ಲ ಒಂದೇ ಗುಂಪು ಮಾಡಿ ‘ಆಗಿದೆ’ ಎಂದು ಬೂದು ಬಣ್ಣ ಕೊಟ್ಟುಬಿಡಿ. ಮುಂದಿನ ಎರಡು ಪೋರ್ ಮಾತ್ರ ತೆಗೆದುಕೊಂಡು ಕೋಡ್ ಹಾಕಿ, ಕತ್ತರಿಸಿ, ಪ್ರಾಪ್ಸ್ ಪೆಟ್ಟಿಗೆ ಇಟ್ಟು, ಜೋಡಿಸಿ. ಆ ಎರಡು ಪೋರ್‌ಗಳ ತಾರೀಖು ಸೈಟಿನ ಜೊತೆ ಹೊಂದಿದ ಮೇಲೆ ಮೂರನೆಯದಕ್ಕೆ ಹೋಗಿ. ಹಾಸ್ಟೆಲ್ಲಿನ ಮೊದಲ ಮಹಡಿ ಇವತ್ತಿಗೂ ನನ್ನ ಫೈಲಿನಲ್ಲಿ ಬೂದು ಬಣ್ಣದಲ್ಲೇ ಇದೆ.